ತೊಡೆಗೆ ನಾವೇ ಇಂಜೆಕ್ಷನ್ ಚುಚ್ಚಿಕೊಳ್ಳಬಹುದಾ?

ಸ್ನಾಯುವಿಗೆ ಕೊಡುವ ಬಿ12 ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ, ಪ್ರತಿ ಸಲ ಕ್ಲಿನಿಕ್‌ಗೆ ಹೋಗಲು ಆಗುವುದಿಲ್ಲ, ನಾನೇ ಚುಚ್ಚಿಕೊಂಡರೆ ಅಪಾಯವಾ ಎಂದು ಕೇಳಿದ್ದೀರಿ.

ನಿಮ್ಮ ಡಾಕ್ಟರ್ ಒಪ್ಪಿದರೆ ಚುಚ್ಚಿಕೊಳ್ಳಬಹುದು. ನಾನೂ ಮನೆಯಲ್ಲೇ ತೆಗೆದುಕೊಳ್ಳುತ್ತೇನೆ. ಆದರೆ ಮೊದಲ ಡೋಸ್ ಮನೆಯಲ್ಲಿ ಬೇಡ. ಕ್ಲಿನಿಕ್‌ನಲ್ಲಿ, ನರ್ಸ್ ಪಕ್ಕದಲ್ಲಿ ನಿಂತು ನೋಡುವಾಗ, ನಿಮ್ಮ ಕೈಯಿಂದಲೇ ಚುಚ್ಚಿಕೊಳ್ಳಿ. ಔಷಧಿ ಮೈಗೆ ಒಗ್ಗದಿದ್ದರೂ ಅಲ್ಲೇ ಗೊತ್ತಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿಬಿಡಿ.

ಎಲ್ಲರಿಗೂ ಸೂಜಿಯದೇ ಭಯ. ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಜಾಗದ ಬಗ್ಗೆ. ಸೊಂಟಕ್ಕೆ ನೀವೇ ಚುಚ್ಚಿಕೊಳ್ಳಲು ಹೋಗಬೇಡಿ. ಅಲ್ಲಿ ಕಾಲಿಗೆ ಇಳಿಯುವ ದಪ್ಪ ನರ ಇದೆ, ಸರಿಯಾಗಿ ಕಣ್ಣಿಗೂ ಕಾಣುವುದಿಲ್ಲ. ತೊಡೆಯೇ ಸುಲಭ. ಒಂದು ಅಂಗೈಯನ್ನು ಮಂಡಿಗಿಂತ ಮೇಲೆ, ಅದಕ್ಕೆ ತಾಗಿದಂತೆ ತೊಡೆಗೆ ಅಡ್ಡಲಾಗಿ ಇಡಿ, ಇನ್ನೊಂದನ್ನು ತೊಡೆಯ ಬುಡದಲ್ಲಿ. ನಡುವೆ ಉಳಿಯುವ ಭಾಗದ ಹೊರಮಗ್ಗುಲು ನಿಮ್ಮ ಜಾಗ. ಒಳತೊಡೆಯ ಕಡೆ ಹೋಗಲೇಬೇಡಿ, ಅಲ್ಲಿ ದೊಡ್ಡ ರಕ್ತನಾಳಗಳಿವೆ. ಒಂದು ಸಲ ಎಡ, ಮುಂದಿನ ಸಲ ಬಲ ಎಂದು ಬದಲಿಸುತ್ತಾ ಇರಿ.

ಸೂಜಿ ಸಾಮಾನ್ಯವಾಗಿ 1ರಿಂದ 1.5 ಇಂಚು ಉದ್ದ ಇರುತ್ತದೆ. ಮೈಕಟ್ಟು ನೋಡಿ ಡಾಕ್ಟರೇ ಹೇಳುತ್ತಾರೆ. ಚಿಕ್ಕ ಸೂಜಿ ಆದರೆ ನೋವು ಕಡಿಮೆ ಅಂತ ನೀವೇ ಬದಲಿಸಬೇಡಿ, ಔಷಧಿ ಸ್ನಾಯು ಮುಟ್ಟದೆ ಕೊಬ್ಬಿನಲ್ಲೇ ಉಳಿದುಬಿಡುತ್ತದೆ.

ಕೈ ತೊಳೆಯಿರಿ. ಔಷಧಿಯ ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನಾಂಕ ಓದಿ. ಸ್ಪಿರಿಟ್ ಒರೆಸಿದ ಮೇಲೆ ಪೂರ್ತಿ ಒಣಗಲು ಬಿಡಿ, ಊದಬೇಡಿ. ಒದ್ದೆ ಇರುವಾಗ ಚುಚ್ಚಿದರೆ ಸುಮ್ನೆ ಉರಿ ಜಾಸ್ತಿ. ಸೂಜಿ ಎಲ್ಲಿಗಾದರೂ ತಗುಲಿದರೆ ಹೊಸದು ಹಾಕಿ. ಕುಳಿತುಕೊಂಡು ಕಾಲು ಸಡಿಲ ಬಿಡಿ, ನೇರವಾಗಿ 90 ಡಿಗ್ರಿಯಲ್ಲಿ ಒಂದೇ ಸಲಕ್ಕೆ ಒಳಗೆ ಬಿಡಿ. ಹಿಂಜರಿಯುತ್ತಾ ನಿಧಾನಕ್ಕೆ ಚುಚ್ಚಿದರೇ ನೋವು. ನಿಧಾನ ಬೇಕಿರುವುದು ಔಷಧಿ ಒತ್ತುವಾಗ: 1 ಎಂಎಲ್‌ಗೆ ಸುಮಾರು 10 ಸೆಕೆಂಡ್. ಆಮೇಲೆ ಹತ್ತಿಯಿಂದ ಮೆಲ್ಲಗೆ ಒತ್ತಿ ಹಿಡಿದರೆ ಸಾಕು, ಉಜ್ಜಬೇಡಿ.

ಪಿಸ್ಟನ್ ಹಿಂದಕ್ಕೆ ಎಳೆದು ರಕ್ತ ಬರುತ್ತದಾ ನೋಡಬೇಕಾ ಎನ್ನುವ ವಾದ ಮುಗಿಯುವುದೇ ಇಲ್ಲ. ಲಸಿಕೆಗಳಿಗೆ ಅದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಿಮ್ಮ ಔಷಧಿಗೆ ನರ್ಸ್ ಹೇಗೆ ಹೇಳಿಕೊಟ್ಟರೋ ಹಾಗೇ ಮಾಡಿ. ಸಿರಿಂಜ್‌ನಲ್ಲಿ ರಕ್ತ ಕಂಡರೆ ಮಾತ್ರ ಔಷಧಿ ಬಿಡದೆ ಸೂಜಿ ತೆಗೆದುಬಿಡಿ.

ಒಂದೆರಡು ದಿನ ಸ್ವಲ್ಪ ನೋವು ಇರಬಹುದು, ಅದು ಮಾಮೂಲಿ. ಕೆಂಪು ಹರಡುತ್ತಾ ಹೋದರೆ, ಗಟ್ಟಿಯಾಗಿ ಬಿಸಿ ಹತ್ತಿದರೆ, ಜ್ವರ ಬಂದರೆ, ಕಾಲು ಜೋಮು ಹಿಡಿದು ಬಿಡದಿದ್ದರೆ ಡಾಕ್ಟರ್‌ಗೆ ತೋರಿಸಿ. ಮುಖ, ತುಟಿ ಊದಿಕೊಂಡು ಉಸಿರು ಕಟ್ಟಿದರೆ ಕಾಯಬೇಡಿ, ತಕ್ಷಣ ಆಂಬುಲೆನ್ಸ್ ಕರೆಸಿ. ಅದಕ್ಕೇ ಮನೆಯಲ್ಲಿ ಇನ್ನೊಬ್ಬರು ಇರುವಾಗ ಚುಚ್ಚಿಕೊಳ್ಳಿ ಅನ್ನುವುದು.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಬೆರಳಿಗೆ ಚುಚ್ಚಿಕೊಳ್ಳುವುದು ಆಗಲೇ. ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ನೇರವಾಗಿ ಹಾಕಿ. ಮುಕ್ಕಾಲು ತುಂಬಿದಾಗ ಎಲ್ಲಿ ಕೊಡಬೇಕು ಎಂದು ಕ್ಲಿನಿಕ್‌ನಲ್ಲೇ ಕೇಳಿ.