ಸೇವ್ ಮಾಡುವ ಮೊದಲೇ ಡೆವ್ ಸರ್ವರ್ ಬೀಳುತ್ತಿದ್ದರೆ ಈಮ್ಯಾಕ್ಸ್‌ನ ಲಾಕ್ ಫೈಲ್ ನೋಡಿ

ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ ಫೈಲ್ ತೆರೆದು ಒಂದಕ್ಷರ ಒತ್ತಿದರೆ ಸಾಕು, ಸೇವ್ ಮಾಡುವ ಮೊದಲೇ ಡೆವ್ ಸರ್ವರ್ (ಬರೆಯುತ್ತಿರುವ ಕೋಡನ್ನು ನಿಮ್ಮ ಮಷಿನ್‌ನಲ್ಲೇ ಓಡಿಸಿ ತೋರಿಸುವ ಟೂಲ್) ನಿಂತುಹೋಗುತ್ತದೆ, '.#' ಇಂದ ಶುರುವಾಗುವ ಯಾವುದೋ ಫೈಲ್ ಸಿಗಲಿಲ್ಲ ಅನ್ನುತ್ತದೆ ಅಂತ ಬರೆದಿದ್ದೀರಿ. ನಿಮ್ಮ ಕೋಡ್‌ನಲ್ಲಿ ತಪ್ಪೇನೂ ಇಲ್ಲ. ಅದು ಈಮ್ಯಾಕ್ಸ್ ಹಾಕಿದ ಲಾಕ್, ಅಂದರೆ ಈ ಫೈಲನ್ನು ಯಾರೋ ತಿದ್ದುತ್ತಿದ್ದಾರೆ ಅನ್ನುವ ಗುರುತು.

ಹೆಸರು ಚುಕ್ಕೆಯಿಂದ ಶುರುವಾಗುವುದರಿಂದ ಸಾಮಾನ್ಯ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಅಡಗಿದ ಫೈಲ್‌ಗಳನ್ನೂ ಸೇರಿಸಿ ನೋಡಿದರೆ ಅದೊಂದು ಸಿಮ್‌ಲಿಂಕ್ (ಬೇರೊಂದು ಫೈಲಿನತ್ತ ಬೆರಳು ತೋರಿಸುವ ಕೊಂಡಿ) ಅಂತ ಗೊತ್ತಾಗುತ್ತದೆ. ಅದು ತೋರಿಸುವ ಜಾಗದಲ್ಲಿ ಇರುವುದು ಫೈಲ್ ಅಲ್ಲ, ಸುಮ್ನೆ ಒಂದು ಸಾಲು: ನಿಮ್ಮ ಯೂಸರ್ ಹೆಸರು, ಮಷಿನ್ ಹೆಸರು, ಪ್ರೋಸೆಸ್ ಸಂಖ್ಯೆ. ಬೇಕೆಂದೇ ಹೀಗೆ ಮಾಡಿದ್ದಾರೆ. ಸಿಮ್‌ಲಿಂಕ್ ಒಂದೇ ಏಟಿಗೆ ಹುಟ್ಟುತ್ತದೆ, ಮೊದಲೇ ಇದ್ದರೆ ಹುಟ್ಟುವುದಿಲ್ಲ. ಇಬ್ಬರು ಒಂದೇ ಕ್ಷಣದಲ್ಲಿ ಲಾಕ್ ಹಾಕಲು ಹೋದರೆ ಗೆಲ್ಲುವುದು ಒಬ್ಬರೇ. ಸೇವ್ ಮಾಡಿದ ಕೂಡಲೇ ಅದು ಮಾಯ.

ತೊಂದರೆ ಬರುವುದು ಅದರ ಹೆಸರಿನ ಕೊನೆಯಲ್ಲಿ. ಮೂಲ ಫೈಲಿನ '.ಜೆಎಸ್' ಹಾಗೇ ಉಳಿದಿರುತ್ತದೆ ಅಲ್ವಾ? ಫೋಲ್ಡರ್ ಕಾಯುತ್ತಿರುವ ಟೂಲ್ ಅದನ್ನು ನೋಡಿ ಹೊಸ ಸೋರ್ಸ್ ಫೈಲ್ ಬಂತು ಅಂದುಕೊಳ್ಳುತ್ತದೆ. ಲಿಂಕ್ ಹಿಡಿದು ಹೋದರೆ ಆ ಕಡೆ ಏನೂ ಇಲ್ಲ, ಎರರ್ ಬರುತ್ತದೆ. ವಿಂಡೋಸ್‌ನಲ್ಲಿ ಲಾಕ್ ಸಿಮ್‌ಲಿಂಕ್ ಆಗಿರದೆ ಮಾಮೂಲಿ ಫೈಲ್ ಆಗಿರುತ್ತದೆ. ಅಲ್ಲಿ ಟೂಲ್ ಆ ಸಾಲನ್ನೇ ಕೋಡ್ ಅಂತ ಓದಲು ಹೋಗಬಹುದು. ವಿಮ್ ಎಂಬ ಇನ್ನೊಂದು ಎಡಿಟರ್ ಹೀಗೆಯೇ ಇಡುವ ಸ್ವಾಪ್ ಫೈಲ್ '.ಎಸ್‌ಡಬ್ಲ್ಯೂಪಿ' ಅಂತ ಮುಗಿಯುವುದರಿಂದ ಈ ಗೋಳು ಅಲ್ಲಿ ಕಡಿಮೆ.

ಈಗ ಪರಿಹಾರ. ಈಮ್ಯಾಕ್ಸ್‌ನ 'ಕ್ರಿಯೇಟ್-ಲಾಕ್‌ಫೈಲ್ಸ್' ಸೆಟ್ಟಿಂಗ್ ಅನ್ನು 'ನಿಲ್' ಮಾಡಿ, ಅಂದರೆ ಲಾಕ್ ಹಾಕುವುದನ್ನೇ ನಿಲ್ಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಕೆಲಸವೇನೋ ಆಗುತ್ತದೆ, ಆದರೆ ನನಗೆ ಅದು ಇಷ್ಟವಿಲ್ಲ. ಇನ್ನೊಂದು ಟರ್ಮಿನಲ್‌ನಲ್ಲಿ ತೆರೆದಿಟ್ಟ ಈಮ್ಯಾಕ್ಸ್ ಮರೆತುಹೋಗಿ ಅದೇ ಫೈಲನ್ನು ಎರಡೂ ಕಡೆ ತಿದ್ದುವಾಗ ಎಚ್ಚರಿಸುವುದು ಈ ಲಾಕೇ. 2022ರಲ್ಲಿ ಬಂದ 28ನೇ ಆವೃತ್ತಿಯಿಂದ 'ಲಾಕ್-ಫೈಲ್-ನೇಮ್-ಟ್ರಾನ್ಸ್‌ಫಾರ್ಮ್ಸ್' ಅನ್ನುವ ಸೆಟ್ಟಿಂಗ್ ಇದೆ. ಅದರಿಂದ ಎಲ್ಲ ಲಾಕ್‌ಗಳನ್ನೂ ಪ್ರಾಜೆಕ್ಟ್‌ನ ಹೊರಗೆ ಒಂದು ಫೋಲ್ಡರ್‌ಗೆ ಕಳಿಸಿ. ಅದರಲ್ಲಿ ಬರೆಯುವ ನಿಯಮದ ಮೂರನೇ ಜಾಗದಲ್ಲಿ 'ಟಿ' ಹಾಕಿದರೆ ಪೂರ್ತಿ ಪಾತ್ ಹೆಸರಿಗೆ ಸೇರುತ್ತದೆ, ಒಂದೇ ಹೆಸರಿನ ಫೈಲ್‌ಗಳು ಜಗಳವಾಡುವುದಿಲ್ಲ. ಹಲವರು ಹಂಚಿಕೊಳ್ಳುವ ನೆಟ್‌ವರ್ಕ್ ಫೋಲ್ಡರ್ ಆದರೆ ಮಾತ್ರ ಹೀಗೆ ಮಾಡಬೇಡಿ. ಅಲ್ಲಿ ಬೇರೆಯವರ ಈಮ್ಯಾಕ್ಸ್‌ಗೆ ನಿಮ್ಮ ಲಾಕ್ ಕಾಣಲೇಬೇಕು. ಆಗ ಟೂಲ್‌ನ ಇಗ್ನೋರ್ ಪಟ್ಟಿಗೆ '.#' ಇಂದ ಶುರುವಾಗುವ ಹೆಸರುಗಳನ್ನು ಸೇರಿಸುವುದೇ ಸರಿ.

ಟೂಲ್ ನೀವೇ ಬರೆದಿದ್ದರೆ ಲಿಂಕ್ ಹಿಂಬಾಲಿಸುವ 'ಸ್ಟ್ಯಾಟ್' ಬದಲು 'ಎಲ್‌ಸ್ಟ್ಯಾಟ್' ಬಳಸಿ, ತುದಿಯಿಲ್ಲದ ಲಿಂಕ್ ಸಿಕ್ಕರೆ ಬಿಟ್ಟು ಮುಂದೆ ಹೋಗಿ. ಒಂದು ಲಿಂಕ್‌ಗಾಗಿ ಇಡೀ ಸರ್ವರ್ ಬೀಳಬಾರದು.

ಕೋಡ್‌ನ ಬದಲಾವಣೆಗಳನ್ನು ದಾಖಲಿಸಿ ಹಂಚುವ ಗಿಟ್ ಕಡೆಗೂ ಸ್ವಲ್ಪ ಗಮನ ಕೊಡಿ. ಎಲ್ಲವನ್ನೂ ಒಟ್ಟಿಗೆ ಆ್ಯಡ್ ಮಾಡಿದರೆ ಈ ಲಿಂಕ್ ಕೂಡ ಕಮಿಟ್ ಆಗಬಹುದು. ಅದನ್ನು ಪುಲ್ ಮಾಡಿದ ಗೆಳೆಯರು ಆ ಫೈಲ್ ತಿದ್ದಲು ಹೋದರೆ, ನೀವು ಅದನ್ನು ಲಾಕ್ ಮಾಡಿದ್ದೀರಿ ಅಂತ ಅವರ ಈಮ್ಯಾಕ್ಸ್ ತಡೆಯುತ್ತದೆ. ನಿಮ್ಮ ಗ್ಲೋಬಲ್ ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಕಡೆಗಣಿಸಬೇಕಾದ ಹೆಸರುಗಳ ಪಟ್ಟಿ) '.#*' ಸೇರಿಸಿ. ಆಟೋಸೇವ್ ಫೈಲ್‌ಗಳಿಗೆ '\#*#' ಅಂತ ಬರೆಯಿರಿ. ಮೊದಲಿನ ಆ ಬ್ಯಾಕ್‌ಸ್ಲ್ಯಾಶ್ ಇಲ್ಲದಿದ್ದರೆ ಗಿಟ್ ಆ ಸಾಲನ್ನು ಕಾಮೆಂಟ್ ಅಂತ ಬಿಟ್ಟುಬಿಡುತ್ತದೆ.