ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್‌ಗೆ ಅಷ್ಟೊಂದು ಹುಚ್ಚು ಯಾಕೆ?

ಎಂ.ಎಸ್. ಮಾಡಲು ಹೊರಟಿದ್ದೀರಿ, ಅಲ್ಲಿರುವ ಸೀನಿಯರ್‌ಗಳು ಓದಿಗಿಂತ ಫುಟ್‌ಬಾಲ್ (ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್) ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ, ಕಾಲೇಜು ಹುಡುಗರ ಆಟದಲ್ಲಿ ಅಂಥದ್ದೇನಿದೆ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಹೀಗೇ ಕೇಳಿದವನು. ಇಲ್ಲಿ ನಮ್ಮ ಕಾಲೇಜಿನ ಕ್ರಿಕೆಟ್ ಮ್ಯಾಚ್‌ಗೆ ಇಪ್ಪತ್ತು ಜನ ಬಂದರೆ ಹೆಚ್ಚು. ಅದರಲ್ಲಿ ಹತ್ತು ಜನ ಕ್ಲಾಸ್ ತಪ್ಪಿಸಿಕೊಂಡು ಬಂದವರು.

ನಾನು ಓದಿದ್ದು ಆಲಬಾಮಾ ರಾಜ್ಯದ ಆಬರ್ನ್‌ನಲ್ಲಿ. ಊರಲ್ಲಿ ಆಗ ಐವತ್ತು ಸಾವಿರ ಚಿಲ್ಲರೆ ಜನ. ಯೂನಿವರ್ಸಿಟಿಯ ಜಾರ್ಡನ್-ಹೇರ್ ಸ್ಟೇಡಿಯಂನಲ್ಲಿ 87,451 ಸೀಟು! ಊರಿಗೆ ಊರೇ ಹೋಗಿ ಕೂತರೂ ಜಾಗ ಮಿಕ್ಕುತ್ತಿತ್ತು. ಅಂಗಡಿಯಲ್ಲಿ ಬಿಲ್ ಹಾಕುವ ಅಜ್ಜಿ ಕೂಡ 'ಥ್ಯಾಂಕ್ಯೂ' ಬದಲು 'ವಾರ್ ಈಗಲ್' ಅನ್ನುತ್ತಿದ್ದರು. ಅದು ಆಬರ್ನ್ ಟೀಮಿನವರ ಕೂಗು. ಮೊದಲ ಸಲ ಕೇಳಿದಾಗ ನನಗೇನೋ ಬೈದರು ಅಂದುಕೊಂಡಿದ್ದೆ.

ನಾನು ಹೋದ 2012ರಲ್ಲಿ ಟೀಮು 12 ಮ್ಯಾಚ್ ಆಡಿ 9 ಸೋತಿತು. ಕೊನೆಯ ಮ್ಯಾಚಲ್ಲಿ ಬದ್ಧ ವೈರಿ ಆಲಬಾಮಾ ಯೂನಿವರ್ಸಿಟಿ 49-0ಗೆ ಹೊಡೆದು ಕಳಿಸಿತು. 2010ರಲ್ಲಿ ಇಡೀ ದೇಶಕ್ಕೇ ಚಾಂಪಿಯನ್ ಆಗಿದ್ದ ಟೀಮಿದು! ಕೋಚ್ ಮನೆಗೆ ಹೋದರು, ಗಸ್ ಮಾಲ್ಜಾನ್ ಬಂದರು. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನ ಜಾಗಕ್ಕೆ ನಿಕ್ ಮಾರ್ಷಲ್ ಬಂದ. ಮೊದಲು ಜಾರ್ಜಿಯಾ ಯೂನಿವರ್ಸಿಟಿಯ ಟೀಮಿನಲ್ಲಿದ್ದು, ಅಲ್ಲಿಂದ ಹೊರಬಿದ್ದು, ಕ್ಯಾನ್ಸಸ್‌ನ ಒಂದು ಸಣ್ಣ ಕಾಲೇಜಿನಲ್ಲಿ ಆಡಿ ಬಂದ ಹುಡುಗ. 2013ರ ಬಗ್ಗೆ ಯಾರಿಗೂ ದೊಡ್ಡ ಆಸೆಯೇನೂ ಇರಲಿಲ್ಲ.

ಇಲ್ಲೊಂದು ವಿಷಯ ತಿಳಿದಿರಲಿ. ಒಂದು ಸೀಸನ್‌ಗೆ ಲೀಗ್ ಫೈನಲ್‌ನಂಥ ಕೊನೆಯ ಮ್ಯಾಚುಗಳು ಬಿಟ್ಟರೆ ಇರುವುದೇ 12 ಮ್ಯಾಚು. ಐಪಿಎಲ್ ಥರ 'ಇವತ್ತು ಹೋದರೆ ನಾಳೆ ನೋಡ್ಕೊಳ್ಳೋಣ' ಅನ್ನೋ ಹಾಗಿಲ್ಲ. ಆಗಂತೂ ವರ್ಷದ ಕೊನೆಗೆ ದೇಶದ ನೂರಕ್ಕೂ ಹೆಚ್ಚು ಟೀಮುಗಳಲ್ಲಿ ಎರಡನ್ನೇ ಫೈನಲ್‌ಗೆ ಆರಿಸುತ್ತಿದ್ದರು, ಅದೂ ಮತದಾನ ಮತ್ತು ಕಂಪ್ಯೂಟರ್ ಲೆಕ್ಕ ಸೇರಿಸಿ. ಒಂದು ಸೋತರೆ ದೇವರ ಮೇಲೆ ಭಾರ ಹಾಕಬೇಕು, ಎರಡು ಸೋತರೆ ಹೆಚ್ಚೂಕಮ್ಮಿ ಕಥೆ ಮುಗೀತು. (ಈಗ ಹನ್ನೆರಡು ಟೀಮುಗಳ ಪ್ಲೇಆಫ್ ಇದೆ. ನನಗೆ ಹಳೆಯದೇ ರುಚಿ.) ಆಬರ್ನ್ ಸೆಪ್ಟೆಂಬರ್‌ನಲ್ಲೇ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಎದುರು ಒಂದು ಸೋತು ಕೂತಿತ್ತು.

ಆಮೇಲೆ ಗೆಲ್ಲುತ್ತಾ ಹೋದರು. ಚೆಂಡು ಎಸೆಯುವುದಕ್ಕಿಂತ ಹಿಡಿದುಕೊಂಡು ಓಡುವುದೇ ಇವರ ಆಟ. ಟ್ರೇ ಮೇಸನ್ ಅನ್ನೋ ಗಿಡ್ಡ ಹುಡುಗ ಸಂದಿಯಲ್ಲಿ ನುಗ್ಗಿದರೆ ಹಿಡಿಯೋರಿಲ್ಲ. ನವೆಂಬರ್ 16ಕ್ಕೆ ಜಾರ್ಜಿಯಾ ಬಂತು. ಆ ಮ್ಯಾಚ್‌ನಲ್ಲಿ ನಾನು ಸ್ಟೇಡಿಯಂನಲ್ಲೇ ಇದ್ದೆ. 37-17ರಲ್ಲಿ ಮುಂದಿದ್ದವರು ಕೊನೆಯ ಹೊತ್ತಿಗೆ 37-38 ಆಗಿ ಹಿಂದೆ ಬಿದ್ದರು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ ಕೊಡುತ್ತಾರೆ. ಇವರದ್ದು ನಾಲ್ಕನೆಯದು, ಅಷ್ಟರಲ್ಲಿ ಹಿಂದಕ್ಕೆ ಸರಿದಿದ್ದರಿಂದ ಬೇಕಿದ್ದದ್ದು 18 ಗಜ. ಮಾರ್ಷಲ್ ಸುಮ್ನೆ ದೂರಕ್ಕೆ ಎಸೆದ. ಜಾರ್ಜಿಯಾದ ಇಬ್ಬರು ಒಟ್ಟಿಗೆ ಹಾರಿದರು. ಚೆಂಡನ್ನು ನೆಲಕ್ಕೆ ಬಡಿದಿದ್ದರೆ ಸಾಕಿತ್ತು, ಅಷ್ಟೇ. ಒಬ್ಬರಿಗೊಬ್ಬರು ಅಡ್ಡ ಬಂದು ಚೆಂಡು ಮೇಲಕ್ಕೆ ಚಿಮ್ಮಿತು. ಅವರ ಹಿಂದೆ ಓಡುತ್ತಿದ್ದ ನಮ್ಮ ರಿಕಾರ್ಡೊ ಲೂಯಿಸ್‌ನ ಕೈಗೆ ಹೋಗಿ ಬಿತ್ತು. ಅವನು ಕೊನೆಯ ಗೆರೆ ದಾಟಿದ, ಅದಕ್ಕೆ ಆರು ಪಾಯಿಂಟ್. 43-38. ನನ್ನ ಪಕ್ಕದವರು ಯಾರೋ ಗುರುತಿಲ್ಲದವರು ತಬ್ಬಿಕೊಂಡು ಅಳುತ್ತಿದ್ದರು. ನಾನೂ ತಬ್ಬಿಕೊಂಡೆ, ಇನ್ನೇನು ಮಾಡೋದು?

ಎರಡು ವಾರ ಬಿಟ್ಟು, ನವೆಂಬರ್ 30ಕ್ಕೆ ಆಲಬಾಮಾ. ಈ ಮ್ಯಾಚನ್ನು ಐರನ್ ಬೌಲ್ ಅಂತಾರೆ. ಹಿಂದೆಲ್ಲ ಕಬ್ಬಿಣ-ಉಕ್ಕಿನ ಊರಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಡುತ್ತಿದ್ದರು, ಅದಕ್ಕೇ ಆ ಹೆಸರು. ಅವರು ನಂಬರ್ ಒನ್, ಹಿಂದಿನ ನಾಲ್ಕು ವರ್ಷಗಳಲ್ಲಿ ಮೂರು ಸಲ ಚಾಂಪಿಯನ್. ನಾವು ನಂಬರ್ ನಾಲ್ಕು. ಆ ದಿನದ ಟಿಕೆಟನ್ನು ನಾನು ಲ್ಯಾಬಿನ ಗೆಳೆಯನಿಗೆ ಕೊಟ್ಟುಬಿಟ್ಟಿದ್ದೆ. ಸೋಮವಾರಕ್ಕೆ ರಿಪೋರ್ಟ್ ಬರೆಯುವುದಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಹಾಗಾಗಿ ರೂಮ್‌ಮೇಟ್ ಜೊತೆ ಟಿವಿಯಲ್ಲಿ ನೋಡಿದೆ. ಒಲೆ ಮೇಲೆ ರಾತ್ರಿಗೆ ಅನ್ನ ಇಟ್ಟಿದ್ದೆ. ಸ್ಟೇಡಿಯಂ ಅರ್ಧ ಮೈಲಿ ದೂರ, ಕಿಟಕಿ ತೆಗೆದಿತ್ತು. 28-28 ಸಮ. ಗಡಿಯಾರ ಸೊನ್ನೆಗೆ ಬಂತು. ಆಲಬಾಮಾ ಕೋಚ್ ನಿಕ್ ಸೇಬನ್ ಜಗಳ ತೆಗೆದು, ರೀಪ್ಲೇ ನೋಡಿಸಿ, ಒಂದು ಸೆಕೆಂಡ್ ವಾಪಸ್ ಪಡೆದರು. ಆ ಒಂದು ಸೆಕೆಂಡಿನಲ್ಲಿ 57 ಗಜದಿಂದ ಫೀಲ್ಡ್ ಗೋಲ್ ಹೊಡೆಯೋಣ ಅಂತ. ಅಂದರೆ ಚೆಂಡನ್ನು ನೆಲದ ಮೇಲಿಟ್ಟು ಒದ್ದು ಎರಡು ಕಂಬಗಳ ನಡುವೆ ಹಾಯಿಸುವುದು. ಮೂರು ಪಾಯಿಂಟ್. ಮಾಲ್ಜಾನ್ ಟೈಮ್‌ಔಟ್ ತಗೊಂಡು, ಕ್ರಿಸ್ ಡೇವಿಸ್ ಎಂಬ ವೇಗದ ಓಟಗಾರನನ್ನು ಕಂಬಗಳ ಕೆಳಗೆ ನಿಲ್ಲಿಸಿದರು. ಒದ್ದ ಚೆಂಡು ಅಲ್ಲಿಯವರೆಗೆ ಬರದೆ ಗಾಳಿಯಲ್ಲೇ ಸಿಕ್ಕರೆ ಹಿಡಿದು ಓಡಬಹುದು. ಇದು ನನಗೆ ಆಗ ಗೊತ್ತೇ ಇರಲಿಲ್ಲ.

ಟಿವಿಯಲ್ಲಿ ಪ್ರಸಾರ ಕೆಲವು ಸೆಕೆಂಡ್ ತಡವಲ್ವಾ? ಟಿವಿಯಲ್ಲಿ ಇನ್ನೂ ಕಿಕ್ ಹೊಡೆದಿರಲಿಲ್ಲ, ಆಗಲೇ ಕಿಟಕಿಯಿಂದ 'ಹೋ' ಅಂತ ಸದ್ದು ಬಂತು. 'ಮಿಸ್ ಆಯ್ತು ಬಿಡು' ಅಂದ ರೂಮ್‌ಮೇಟ್. ಸದ್ದು ನಿಲ್ಲಲಿಲ್ಲ. ಏರುತ್ತಾ ಹೋಯಿತು, ಏರುತ್ತಲೇ ಇತ್ತು. ನಾವಿಬ್ಬರೂ ಟಿವಿ ಬಿಟ್ಟು ಕಿಟಕಿಯ ಕಡೆ ನೋಡಿದೆವು. ತಿರುಗಿ ನೋಡಿದರೆ ಡೇವಿಸ್ ಚೆಂಡು ಹಿಡಿದು ಎಡಗಡೆಯ ಗೆರೆ ಗುಂಟ ಓಡುತ್ತಿದ್ದ. ಆಲಬಾಮಾದವರು ಕಿಕ್‌ಗೆ ಅಂತ ನಿಲ್ಲಿಸಿದ್ದು ಬಹುಪಾಲು ದೊಡ್ಡ ಮೈಯವರನ್ನು. ಅವರೆಲ್ಲಿ ಇವನನ್ನು ಅಟ್ಟಿ ಹಿಡಿಯೋದು! 109 ಗಜ ಓಡಿದ. 34-28.

ಅನ್ನ ತಳ ಹಿಡಿದಿತ್ತು. ಒಲೆ ಆರಿಸಿ, ಮನೆಯಲ್ಲಿದ್ದ ನಾಲ್ಕೂ ಟಾಯ್ಲೆಟ್ ಪೇಪರ್ ಸುರುಳಿ ತಗೊಂಡು ಟೂಮರ್ಸ್ ಕಾರ್ನರ್‌ಗೆ ಓಡಿದೆವು. ಗೆದ್ದರೆ ಅಲ್ಲಿನ ಹಳೆಯ ಓಕ್ ಮರಗಳ ಮೇಲೆ ಅದನ್ನು ಎಸೆಯುವುದು ಊರಿನ ರೂಢಿ. ಆ ಮರಗಳಿಗೆ 2010ರಲ್ಲಿ ಆಲಬಾಮಾದ ಅಭಿಮಾನಿಯೊಬ್ಬ ವಿಷ ಹಾಕಿದ್ದ. 2013ರ ಏಪ್ರಿಲ್‌ನಲ್ಲಿ ಕಡಿದು ಹಾಕಬೇಕಾಯಿತು. ಆ ಸೀಸನ್‌ಗೆ ತಂತಿ ಕಟ್ಟಿದ್ದರು, ಜನ ಅದರ ಮೇಲೇ ಎಸೆದರು. ಮರುದಿನ ಇಡೀ ಬಿಲ್ಡಿಂಗ್‌ನಲ್ಲಿ ಪೇಪರ್ ಇರಲಿಲ್ಲ. ನಮಗೇನು, ಬಚ್ಚಲಲ್ಲಿ ಚೊಂಬಿತ್ತು.

ಲೀಗ್ ಫೈನಲ್‌ನಲ್ಲಿ ಮಿಸ್ಸೂರಿಯನ್ನು 59-42ಕ್ಕೆ ಮುಗಿಸಿದರು. ಮೇಸನ್ ಒಬ್ಬನೇ 304 ಗಜ ಓಡಿದ. ಅದೇ ರಾತ್ರಿ ಎರಡನೇ ಸ್ಥಾನದಲ್ಲಿದ್ದ ಒಹಾಯೊ ಸ್ಟೇಟ್ ಸೋತಿತು. ನಾವು ನ್ಯಾಷನಲ್ ಫೈನಲ್‌ಗೆ!

2014ರ ಜನವರಿ 6, ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಸ್ಟೇಡಿಯಂ. ಎದುರಾಳಿ ಫ್ಲೋರಿಡಾ ಸ್ಟೇಟ್. ಒಂದು ಹಂತದಲ್ಲಿ ನಮಗೆ 21-3ರ ಮುನ್ನಡೆ ಇತ್ತು. ಕೊನೆಗೆ 1 ನಿಮಿಷ 19 ಸೆಕೆಂಡ್ ಉಳಿದಿದ್ದಾಗ ಮೇಸನ್ ಗೆರೆ ದಾಟಿದ, 31-27. ಅದೇ ಸೋಫಾ, ಅದೇ ರೂಮ್‌ಮೇಟ್. ಈ ಸಲ ಅನ್ನ ಮೊದಲೇ ಮಾಡಿಟ್ಟಿದ್ದೆವು. 13 ಸೆಕೆಂಡ್ ಇರುವಾಗ ಅವರ ಕ್ವಾರ್ಟರ್‌ಬ್ಯಾಕ್ ಜೇಮಿಸ್ ವಿನ್‌ಸ್ಟನ್ ಎಸೆದದ್ದನ್ನು ಕೆಲ್ವಿನ್ ಬೆಂಜಮಿನ್ ಎತ್ತರಕ್ಕೆ ಹಾರಿ ಹಿಡಿದ. 34-31, ಸೋತೆವು. ವಿನ್‌ಸ್ಟನ್‌ಗೆ ಅವತ್ತು 20ನೇ ಹುಟ್ಟುಹಬ್ಬ ಬೇರೆ. ಅಭ್ಯಾಸ ಬಲದಿಂದ ಕಿಟಕಿ ತೆಗೆದೇ ಕೂತಿದ್ದೆವು, ಜನವರಿ ಚಳಿಯಲ್ಲಿ. ಸ್ಟೇಡಿಯಂ ಕಡೆಯಿಂದ ಒಂದು ಸದ್ದೂ ಇಲ್ಲ.