ಪಿಸಿ ಪದೇ ಪದೇ ಹ್ಯಾಂಗ್ ಆಗುತ್ತಿದೆ, ಯಾವ ಟೆಸ್ಟಿಂಗ್ ಸಾಫ್ಟ್‌ವೇರ್ ಹಾಕಲಿ?

ಪ್ರಶ್ನೆ: ಮನೆಯಲ್ಲೇ ಲಗ್ನಪತ್ರಿಕೆ, ಕರಪತ್ರಗಳ ಡಿಟಿಪಿ ಕೆಲಸ ಮಾಡುತ್ತೇನೆ. ಎಸ್‌.ಪಿ. ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರ್, ಐದು ವರ್ಷ ಹಳೆಯದು. ಈಚೆಗೆ ಹ್ಯಾಂಗ್ ಆಗುತ್ತದೆ, ಒಮ್ಮೊಮ್ಮೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ರಿಪೇರಿಯವರು ನೋಡಿದ ಕೂಡಲೇ ಮದರ್‌ಬೋರ್ಡ್ ಹೋಗಿದೆ ಅಂದರು. ಎಲ್ಲವನ್ನೂ ಪರೀಕ್ಷಿಸುವ ಒಂದೇ ಸಾಫ್ಟ್‌ವೇರ್ ಇದೆಯೇ? ದುಡ್ಡು ಕೊಟ್ಟು ಕೊಳ್ಳಬೇಕೇ?
– ಓದುಗರು, ರಾಜಾಜಿನಗರ

ಉತ್ತರ: ಮದರ್‌ಬೋರ್ಡ್‌ಗೆ ಈಗಲೇ ದುಡ್ಡು ಹಾಕಬೇಡಿ. ಡಿಸ್ಕ್, ರ‍್ಯಾಮ್, ಬಿಸಿ, ಎಸ್‌ಎಂಪಿಎಸ್ (ಪಿಸಿಯ ಒಳಗಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಡಬ್ಬಿ), ಇವುಗಳಲ್ಲಿ ಯಾವುದು ಕೆಟ್ಟರೂ ಹೀಗೇ ಆಗುತ್ತದೆ. ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಡುವ ಒಂದೇ ಸಾಫ್ಟ್‌ವೇರ್ ಇಲ್ಲ. ಒಂದೊಂದಕ್ಕೂ ಬೇರೆ ಬೇರೆ ಬೇಕು. ಮನೆ ಬಳಕೆಗೆ ಸಾಕಾಗುವಂಥವು ಉಚಿತವಾಗಿಯೇ ಸಿಗುತ್ತವೆ. ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.

ಮೊದಲು ಒಂದು ವಿಷಯ ಗಮನಿಸಿ. ರೀಸ್ಟಾರ್ಟ್ ಆಗುವುದು ಕರೆಂಟ್ ಹೋಗಿ ಇನ್ವರ್ಟರ್ ಆನ್ ಆಗುವ ಹೊತ್ತಿಗೇನಾ? ಹಾಗಿದ್ದರೆ ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ ನೋಡಿ. ಬೆಂಗಳೂರಿನ ಮನೆಗಳಲ್ಲಿ ಇದನ್ನು ತಳ್ಳಿಹಾಕುವಂತಿಲ್ಲ.

ಅದಲ್ಲವಾದರೆ ಡಿಸ್ಕ್‌ನಿಂದ ಶುರು ಮಾಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಡಿಸ್ಕ್ ತಾನೇ ಬರೆದಿಟ್ಟುಕೊಂಡ ಸ್ಮಾರ್ಟ್ ಎಂಬ ಆರೋಗ್ಯದ ದಾಖಲೆಯನ್ನು ಓದಿ ತೋರಿಸುತ್ತದೆ ಅಷ್ಟೇ, ಡಿಸ್ಕ್‌ಗೆ ಹೊರೆ ಹಾಕುವುದಿಲ್ಲ. ಹಾರ್ಡ್ ಡಿಸ್ಕ್ ಆದರೆ 05, ಸಿ5, ಸಿ6 ಸಾಲುಗಳನ್ನು ನೋಡಿ. ಕೊನೆಯ ಕಾಲಂನಲ್ಲಿ ಬರೀ ಸೊನ್ನೆ ಇರಬೇಕು. ಸಿ5ರಲ್ಲಿ ಅಂಕಿ ಇದ್ದರೆ ಓದಲಾಗದ ಜಾಗಗಳಿವೆ ಎಂದರ್ಥ. ಉಳಿದದ್ದೆಲ್ಲ ಬಿಟ್ಟು ಗಿರಾಕಿಗಳ ಫೈಲುಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಸಿ7 ಮಾತ್ರ ಏರುತ್ತಿದ್ದರೆ ಬಹುಮಟ್ಟಿಗೆ ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ಲಿನ ತೊಂದರೆ, ಅಗ್ಗದಲ್ಲೇ ಮುಗಿಯುತ್ತದೆ.

ಆಮೇಲೆ ರ‍್ಯಾಮ್. ವಿಂಡೋಸ್ ಒಳಗಿಂದ ನಡೆಸುವ ಪರೀಕ್ಷೆ ಇಲ್ಲಿ ಅರೆಬರೆ, ಏಕೆಂದರೆ ವಿಂಡೋಸ್ ಕೂತಿರುವ ಜಾಗವನ್ನು ಅದು ಮುಟ್ಟಲಾಗದು. ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಖಾಲಿಯದನ್ನು ಬಳಸಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಮಲಗುವಾಗ ಹಚ್ಚಿಡಿ. ಒಂದೇ ಒಂದು ಎರರ್ ಬಂದರೂ ‘ಪರವಾಗಿಲ್ಲ’ ಅನ್ನಬೇಡಿ. ಬಯೋಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಇದ್ದರೆ ಆಫ್ ಮಾಡಿ ಮತ್ತೆ ನೋಡಿ. ಆಗಲೂ ಬಂದರೆ ಕರೆಂಟ್ ತೆಗೆದು, ಒಂದೇ ಸ್ಟಿಕ್ ಇಟ್ಟು, ಸ್ಲಾಟ್ ಬದಲಿಸಿ ಪರೀಕ್ಷಿಸಿ. ಎರರ್ ಸ್ಟಿಕ್ ಜೊತೆ ಹೋದರೆ ರ‍್ಯಾಮ್ ಕೆಟ್ಟಿದೆ. ಸ್ಲಾಟ್‌ನಲ್ಲೇ ಉಳಿದರೆ ಮಾತ್ರ ರಿಪೇರಿಯವರ ಮಾತಿಗೆ ಬಲ ಬರುತ್ತದೆ.

ಬಿಸಿಗೆ ಹೆಚ್‌ಡಬ್ಲ್ಯೂಇನ್ಫೋ ನನ್ನ ಮೊದಲ ಆಯ್ಕೆ. ಅದರ ಲಾಗಿಂಗ್ (ಅಳತೆಗಳನ್ನು ಫೈಲಿಗೆ ಬರೆದಿಡುವುದು) ಆನ್ ಮಾಡಿ ಎಂದಿನಂತೆ ಕೆಲಸ ಮಾಡಿ. ಪಿಸಿ ನಿಂತುಹೋದ ಮೇಲೆ ಆ ಫೈಲಿನ ಕೊನೆಯ ಸಾಲುಗಳಲ್ಲಿ ಪ್ರೊಸೆಸರ್ ಎಷ್ಟು ಡಿಗ್ರಿ ಇತ್ತು ನೋಡಬಹುದು. 95ರ ಆಸುಪಾಸು ಇದ್ದರೆ ಫ್ಯಾನ್ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಹಾಕಿಸಿ.

ಓಸಿಸಿಟಿ, ಪ್ರೈಮ್95, ಫರ್‌ಮಾರ್ಕ್‌ನಂಥ ಸ್ಟ್ರೆಸ್ ಟೆಸ್ಟ್‌ಗಳು ಕೊನೆಗಿರಲಿ. ಇವು ಯಂತ್ರವನ್ನು ಬೇಕೆಂದೇ ದಣಿಸುತ್ತವೆ. ಬ್ಯಾಕಪ್ ಇಲ್ಲದೆ ಹಚ್ಚಲೇಬೇಡಿ, ನಡೆಯುವಾಗ ಪಕ್ಕದಲ್ಲೇ ಇರಿ.

ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂದು ಕಂಡರೆ ಎಸ್‌ಎಂಪಿಎಸ್ ಹೋಗಿದೆ ಅಂತ ಜಾಸ್ತಿ ಜನ ತೀರ್ಮಾನಿಸುತ್ತಾರೆ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದರರ್ಥ. ಎಸ್‌ಎಂಪಿಎಸ್ ಚೆನ್ನಾಗಿದೆ ಎಂದು ಖಚಿತವಾಗಿ ಹೇಳುವ ಸಾಫ್ಟ್‌ವೇರ್ ಇಲ್ಲ. ಮೇಲಿನದ್ದೆಲ್ಲ ಸರಿಯಿದ್ದು, ಲೋಡ್ ಬಿದ್ದ ಕೂಡಲೇ ಪಿಸಿ ಪಟ್ಟನೆ ಆಫ್ ಆಗುತ್ತಿದ್ದರೆ, ಚೆನ್ನಾಗಿರುವ ಬೇರೊಂದು ಎಸ್‌ಎಂಪಿಎಸ್ ಜೋಡಿಸಿ ನೋಡುವುದೇ ದಾರಿ. ಅಂಗಡಿಗೆ ಹೋಗುವಾಗ ಮೆಮ್‌ಟೆಸ್ಟ್ ಮತ್ತು ಡಿಸ್ಕ್ ಪರದೆಗಳ ಫೋಟೊ, ಹಳೆಯ ಬಿಲ್ಲು ಎರಡೂ ಜೊತೆಗಿರಲಿ. ಕೆಲವು ಕಂಪನಿಗಳ ರ‍್ಯಾಮ್‌ಗೆ ಐದು ವರ್ಷದ ನಂತರವೂ ವಾರಂಟಿ ಇರುತ್ತದೆ.